ನನ್ನ ಬೆನ್ನು, ಅವರ ಶಾಲು

ನನಗಾದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಎರಡು ಹೊತ್ತಿನಂತೆ ನಾಲ್ಕು ತಿಂಗಳು ಗೋಡೆಗೆ ಬೆನ್ನು ಹಚ್ಚಿ ನಿಂತು, ನನ್ನ ಕೈಗಳನ್ನು ನಾನೇ ಎತ್ತಿ ಇಳಿಸಿ, ಮೇಲ್ಬೆನ್ನಿನ ನೋವನ್ನು ನಾನೇ ಕಳೆದುಕೊಂಡೆ. ನನ್ನ ಒಡಹುಟ್ಟಿದ ತಮ್ಮ ನನ್ನನ್ನು ಒಂದು ಮಾತೂ ಕೇಳದೆ ಆ ಗುಣವನ್ನು ಬೆನ್ನು ತಿಕ್ಕುವ ಒಬ್ಬ ಮನುಷ್ಯನ ಪಾಲಿಗೆ ಒಪ್ಪಿಸಿದ. ನಮ್ಮ ಸಮಾಜದ ಭವನದಲ್ಲಿ ನೂರಾರು ಜನರ ಎದುರು ನನ್ನನ್ನು ಸಾಕ್ಷಿಯಾಗಿ ಕೂಡಿಸಿ ಆ ಮನುಷ್ಯನಿಗೆ ಶಾಲು ಹೊದಿಸಿದರು. ಆ ಶಾಲನ್ನು ನಂಬಿ ಅವರ ಕೈಕೆಳಗೆ ಬೋರಲು ಮಲಗಿದ ಇನ್ನೊಬ್ಬ ಹೆಣ್ಣುಮಗಳ ಪಕ್ಕೆಲುಬು ಸೀಳಿತು. ಆಕೆ ಬೇರೆ ಯಾರೂ ಅಲ್ಲ, ಅದೇ ತಮ್ಮನ ಹೆಂಡತಿ.

ಹೆಸರುಗಳನ್ನು ಬರೆಯುವುದಿಲ್ಲ. ಇಳಕಲ್ಲಿನವರಿಗೆ ಹೆಸರು ಬೇಕಾಗುವುದಿಲ್ಲ. ಹೊರಗಿನವರಿಗೆ ಅದರಿಂದ ಪ್ರಯೋಜನವಿಲ್ಲ.

ಹುನಗುಂದದ ಸುತ್ತಲಿನ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿದವಳು ನಾನು. ಕಪ್ಪು ಹಲಗೆಯ ಮೇಲೆ ಎತ್ತರಿಸಿದ ಬಲಗೈ, ಮೇಜಿನ ಮೇಲೆ ಬಗ್ಗಿದ ಕತ್ತು, ಇವೆರಡರ ನಡುವೆ ನನ್ನ ಸೇವೆ ಮುಗಿಯಿತು. ನಿವೃತ್ತಳಾಗಿ ಇಳಕಲ್ಲಿಗೆ ಬಂದು, ತಮ್ಮನ ಮನೆಗೆ ಗೋಡೆ ಹಂಚಿಕೊಂಡ ಮನೆಯಲ್ಲಿ ನೆಲೆಸಿದ ಕೆಲವು ವರ್ಷಗಳ ಮೇಲೆ, ಎರಡು ಹೆಗಲೆಲುಬುಗಳ ನಡುವೆ ನೋವು ಕುಳಿತಿತು. ಯಾರೋ ಅಲ್ಲಿ ಹೆಬ್ಬೆರಳನ್ನು ಊರಿ ತೆಗೆಯದೆ ಬಿಟ್ಟ ಹಾಗೆ ಇರುತ್ತಿತ್ತು. ಅಡುಗೆ, ಬಟ್ಟೆ, ಸಂತೆ ಹೇಗೋ ಸಾಗುತ್ತಿದ್ದವು. ಸಾಗದೆ ನಿಂತದ್ದು ಪೂಜೆ. ಎಡಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅಂಗೈಯ ಮೇಲಿನ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕೂಡುವುದು ನಮ್ಮ ಪೂಜೆ. ಕೈ ಎತ್ತಿದ ಅರೆಕ್ಷಣಕ್ಕೆ ಬೆನ್ನು ಕಿತ್ತು ಬರುತ್ತಿತ್ತು, ಅಂಗೈ ನಡುಗುತ್ತಿತ್ತು. ಲಿಂಗ ಬಿದ್ದೀತೆಂಬ ಭಯದಿಂದ ಮೊಣಕೈ ಕೆಳಗೆ ದಿಂಬು ಇಟ್ಟುಕೊಳ್ಳತೊಡಗಿದೆ.

ಒಂದು ದಿನ ಬೆಳಿಗ್ಗೆ ಅದನ್ನು ತಮ್ಮ ನೋಡಿದ.

"ಏನಕ್ಕಾ, ಲಿಂಗಕ್ಕೂ ತಲಿದಿಂಬ ಕೊಟ್ಟೀಯೇನ?"

ನಕ್ಕು ಹೋದ. ನನ್ನ ಕಣ್ಣು ಒದ್ದೆಯಾದದ್ದನ್ನು ಅವನು ನೋಡಲಿಲ್ಲ. ನಾನು ಆ ಮಾತನ್ನು ಮರೆತಿಲ್ಲ.

ಆದರೂ ಅವನಿಗೆ ಕಳಕಳಿ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವನದು ಸೀರೆಯ ಅಂಗಡಿ. ಸಮಾಜದ ಸಮಿತಿಗೆ ಅವನೇ ಅಧ್ಯಕ್ಷ. ಅಂಗಡಿ ಬಿಟ್ಟು ಹೊರಗೆ ಹೋಗದವನು ಆ ವಾರ ಗಾಡಿ ತರಿಸಿ, ಬಾಗಲಕೋಟೆ ದಾಟಿಸಿ, ಕೆರೂರಿನ ಆಚೆಯ ಒಂದು ಹೊಲದ ಮನೆಗೆ ನನ್ನನ್ನು ಕರೆದೊಯ್ದ. ಅಲ್ಲಿ ಬೆನ್ನು, ಸೊಂಟ, ಕತ್ತು ತಿಕ್ಕಿ ಎಲುಬು ಕೂಡಿಸುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು 'ಅಜ್ಜಾರು' ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೇಳಿ ತಿಳಿದುಕೊಂಡೆ. ಕೆರೂರಿನ ಸಂತೆಯ ದಿನ ಅವರ ಕಟ್ಟೆಯ ಮುಂದೆ ಬಾದಾಮಿಯಿಂದ, ಗುಡೂರಿನಿಂದ ಬಂದವರ ಸಾಲು ಬೇವಿನ ಗಿಡದ ತನಕ ಇರುತ್ತಿತ್ತು.

ಅಜ್ಜಾರು ರೊಕ್ಕ ಮುಟ್ಟುವುದಿಲ್ಲ. ಅವರ ಪ್ರತಾಪದ ಬುಡ ಇರುವುದೇ ಅಲ್ಲಿ, ಏಕೆಂದರೆ ರೊಕ್ಕ ಕೊಡದವನಿಗೆ ಕೇಳುವ ಬಾಯಿಯೂ ಇರುವುದಿಲ್ಲ. ಬದಲಿಗೆ ಅವರಲ್ಲಿ ಒಂದು ನೇಮವಿತ್ತು. ನನ್ನನ್ನು ಕಟ್ಟೆಯ ಮೇಲೆ ಮಲಗಿಸುವ ಮೊದಲೇ ಅದನ್ನು ಹೇಳಿದರು.

"ಗುಣ ಆದ ಮ್ಯಾಲ ಒಂದ ಕಾಯಿ, ಒಂದ ಕುಪ್ಪಸದ ಖಣ ತಂದ ನನ್ನ ಮುಂದ ಇಟ್ಟು, 'ಗುಣ ಆತ್ರಿ' ಅಂತ ಬಾಯಿಲೇ ಹೇಳಬೇಕವ್ವಾ. ಐದ ಅಮಾಸಿ ಒಳಗ ಯಾವಾಗ ಗುಣ ಆದ್ರೂ ಅದು ಈ ಕೈಯದು."

"ಐದು ಅಮಾಸಿ ದಾಟಿದ್ರರಿ?" ಎಂದು ಕೇಳಿದೆ.

"ದಾಟಿದ್ರ ನಿಮ್ಮ ಕರ್ಮ."

"ಗುಣ ಆಗಿ ಕಾಯಿ ತರದಿದ್ರ?"

ಅಜ್ಜಾರು ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಸಾಲಿನಲ್ಲಿದ್ದ ಬಾದಾಮಿಯ ಹೆಂಗಸೊಬ್ಬಳು ಅವರ ಪರವಾಗಿ ಹೇಳಿದಳು: "ನೋವು ಮನ್ಯಾಗ ಇನ್ನೊಬ್ಬರ ಬೆನ್ನ ಹತ್ತತೈತ್ರಿ. ನಮ್ಮ ಓಣ್ಯಾಗ ಆಗೇತಿ." ತಮ್ಮ ಕೈ ಮುಗಿದು ನಿಂತಿದ್ದ. ಆ ಮಾತು ಅವನ ಕಿವಿಯಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂಬುದು ನನಗೆ ಆಗ ತಿಳಿಯಲಿಲ್ಲ.

ಅಜ್ಜಾರ ಕೈಗಳ ವಿಷಯದಲ್ಲಿ ನಾನು ಅಪ್ರಾಮಾಣಿಕಳಾಗಲಾರೆ. ಬಿಸಿ ಎಣ್ಣೆ ಹಚ್ಚಿದ ಆ ಅಂಗೈಗಳು ಹೆಗಲೆಲುಬುಗಳ ನಡುವೆ ಇಳಿದಾಗ ನನಗೆ ಅಳು ಬಂತು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಿಸಿಕೊಳ್ಳುವುದರಲ್ಲಿಯೇ ಅರ್ಧ ಔಷಧವಿದೆ ಎಂಬುದನ್ನು ಆ ಕಟ್ಟೆಯ ಮೇಲೆ ಅರಿತೆ. ಕೊನೆಗೆ ಅವರು ತಮ್ಮ ಮೈಭಾರವನ್ನೆಲ್ಲ ಹಾಕಿ ಬೆನ್ನನ್ನು ಒಮ್ಮೆ ಅದುಮಿದರು. ಒಳಗೆ ಲಟಕ್ಕೆಂದು ಸದ್ದಾಯಿತು. ಎದ್ದು ಕುಳಿತಾಗ ಮೈ ಹತ್ತಿಯಂತೆ ಹಗುರಾಗಿತ್ತು. ಮರುದಿನ ದಿಂಬಿಲ್ಲದೆ ಪೂಜೆ ಮಾಡಿದೆ. ಅದರ ಮರುದಿನವೂ ಮಾಡಿದೆ. ಮೂರನೆಯ ದಿನ ನೋವು ತನ್ನ ಜಾಗಕ್ಕೆ ಬಂದು ಕುಳಿತಿತು.

ಎರಡನೆಯ ಸಲ ಹೋದಾಗಲೂ ಹಾಗೆಯೇ ಆಯಿತು, ಆದರೆ ಸುಖ ಒಂದೇ ದಿನ. ಮೂರನೆಯ ಸಲ ಬೆನ್ನು ಕಂದಿ ನೀಲಿಗಟ್ಟಿತು. ನಾನು ಅದನ್ನು ಹೇಳಿದಾಗ ಅಜ್ಜಾರು ಕೈ ಒರೆಸಿಕೊಳ್ಳುತ್ತ, "ಅಕ್ಕೋರ, ಕಲತವರ ಮೈಯಾಗ ಶ್ರದ್ಧಿ ನಿಲ್ಲೂದಿಲ್ಲ" ಎಂದರು. ಸಾಲಿನಲ್ಲಿದ್ದವರು ನಕ್ಕರು. ತಮ್ಮನೂ ನಕ್ಕ.

ಆಮೇಲೆ ನಾನೊಬ್ಬಳೇ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಅಲ್ಲಿಯ ಒಂದು ದವಾಖಾನೆಯಲ್ಲಿ ಫಿಜಿಯೋಥೆರಪಿ ಮಾಡುವ ಹುಡುಗಿಯಿದ್ದಳು. ಗುಡೂರಿನ ಒಕ್ಕಲುತನದ ಮನೆಯವಳು. ನನ್ನನ್ನು ನಡೆಸಿ, ಕೂಡಿಸಿ, ಕೈ ಎತ್ತಿಸಿ, ಕತ್ತು ತಿರುಗಿಸಿ ನೋಡಿದಳು. ಹತ್ತು ನಿಮಿಷ ಬೆನ್ನನ್ನು ಹಗುರಾಗಿ ತಿಕ್ಕಿದಳು ಕೂಡ. ನನಗೆ ಸಂಶಯ ಬಂತು.

"ನೀನೂ ತಿಕ್ಕಾಕೀನ ಏನವ್ವಾ ಹಂಗಾದ್ರ?"

"ತಿಕ್ಕೂದು ತಪ್ಪಲ್ರಿ ಅಕ್ಕೋರ. ತಿಕ್ಕಿಸ್ಕೊಂಡು ಸುಮ್ನ ಕುಂದ್ರೂದು ತಪ್ಪು. ನಾ ಕೈ ಹಚ್ಚಿದ್ರ ನಿಮಗ ಎರಡ ದಿನ ಹಗುರ. ಆ ಎರಡ ದಿನದಾಗ ನೀವ ಕೈ ಎತ್ತೂದು ಕಲತ್ರ ಮುಂದ ನನ್ನ ಕೈ ಬೇಕಾಗೂದಿಲ್ಲ. ನಿಮ್ಮ ಬೆನ್ನಿನ ಸ್ನಾಯು ನಿದ್ದಿ ಹೊಡ್ಯಾಕತ್ತಾವು, ಎಬ್ಬಸ್ರಿ."

ಬಳಿಕ ನೀಲಿಗಟ್ಟಿದ ಜಾಗವನ್ನು ನೋಡಿ ಅವಳ ದನಿ ಬದಲಾಯಿತು. "ಇದನ್ನ ಯಾರ ಮಾಡಿದ್ರಿ? ವಯಸ್ಸಾದ ಹೆಣಮಕ್ಕಳ ಎಲುಬು ಒಳಗ ಟೊಳ್ಳ ಆಗಿರ್ತಾವ್ರಿ. ಮೈಭಾರ ಹಾಕಿ ಒತ್ತಿದ್ರ ಪಕ್ಕೆಲುಬ ಸೀಳತೈತಿ. ಇನ್ನೊಮ್ಮೆ ಹೋಗಬ್ಯಾಡ್ರಿ, ಯಾರನೂ ಕಳಸಬ್ಯಾಡ್ರಿ."

ಈ ಮಾತನ್ನು ಅದೇ ದಿನ ಸಂಜೆ ತಮ್ಮನ ಮನೆಯ ಪಡಸಾಲೆಯಲ್ಲಿ ಕುಳಿತು ಒಂದಕ್ಷರ ಬಿಡದೆ ಹೇಳಿದೆ. ತಮ್ಮ ಕೇಳಿದ. ಅವನ ಹೆಂಡತಿಯೂ ಕೇಳಿದಳು. ಆಕೆ ಆಗ ಕೊಂಡಿ ಕೆಲಸದಲ್ಲಿದ್ದಳು. ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವ ಕೆಲಸ ಅದು. ಎರಡು ಸಾವಿರಕ್ಕೂ ಮೇಲ್ಪಟ್ಟ ಎಳೆಗಳ ಮೇಲೆ ಕತ್ತು ಬಗ್ಗಿಸಿಯೇ ಆಕೆ, "ಹೌದೇನ್ರಿ ಅಕ್ಕಾರ" ಎಂದಳು. ತಮ್ಮನ ಉತ್ತರವನ್ನೂ ಬರೆಯಲೇಬೇಕು.

"ಗುಡೂರ ಹುಡುಗಿ ನಿನ್ನಿ ಮೊನ್ನಿ ಹುಟ್ಟೇತಿ. ಅಜ್ಜಾರ ಕೈಯಾಗ ಮೂರು ಊರಿನ ಬೆನ್ನ ದಾಟ್ಯಾವು."

ಆ ಹುಡುಗಿ ನನಗೆ ಕಲಿಸಿದ್ದು ಮೂರೇ ಸಂಗತಿ. ಟವೆಲನ್ನು ಸುರುಳಿ ಸುತ್ತಿ ಹೆಗಲೆಲುಬುಗಳ ಕೆಳಗೆ ಇಟ್ಟು ಅಂಗಾತ ಮಲಗಿ, ಉಸಿರನ್ನು ಎದೆತುಂಬ ಎಳೆದು ಬಿಡುವುದು. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈ ಹಿಂದಕ್ಕೆ ಎಳೆದು, ಎರಡು ಹೆಗಲೆಲುಬುಗಳನ್ನು ಒಂದಕ್ಕೊಂದು ಮುಟ್ಟಿಸಲು ಯತ್ನಿಸುವುದು. ಗೋಡೆಗೆ ಬೆನ್ನು, ತಲೆ, ಮೊಣಕೈ ಹಚ್ಚಿ ನಿಂತು ಕೈಗಳನ್ನು ಜಾರಿಸುತ್ತ ಮೇಲಕ್ಕೆ ಒಯ್ಯುವುದು. ಬೆರಳು ಮುಟ್ಟಿದ ಎತ್ತರಕ್ಕೆ ನಾನು ದಿನವೂ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಹದಿನೈದು ದಿನ ಗೆರೆ ಏರಲಿಲ್ಲ. ಎರಡನೆಯ ವಾರ ನೋವು ಹೆಚ್ಚಿತು. ಮೊದಲು ನೋಯದ ಜಾಗಗಳೂ ನೊಂದವು. ಕೆರೂರಿನ ಕಟ್ಟೆಯ ಬಿಸಿ ಅಂಗೈಗಳು ನೆನಪಾಗಿ, ನಿಜ ಹೇಳಬೇಕೆಂದರೆ, ಒಂದು ದಿನ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದವರೆಗೆ ಹೋಗಿದ್ದೆ. ಕೈಯಿಂದ ಬರುವ ಸುಖ ಕೂಡಲೇ ಬರುತ್ತದೆ. ವ್ಯಾಯಾಮದಿಂದ ಬರುವುದು ಬರುತ್ತಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಬಾಗಲಕೋಟೆಗೆ ಫೋನು ಹಚ್ಚಿದೆ.

"ಹೋಂವರ್ಕ್ ಮಾಡೀರೇನ್ರಿ ಅಕ್ಕೋರ?"

"ಮಾಡೀನವ್ವಾ. ನೋವು ಹೆಚ್ಚಾಗೇತಿ."

"ಹೊಸಾ ನೋವೋ, ಹಳೇದೋ?"

ನಾನು ಬೆನ್ನನ್ನು ಒಂದು ಗಳಿಗೆ ಗಮನಿಸಿ, "ಹೊಸಾದು" ಎಂದೆ. "ಹಂಗಾದ್ರ ಸ್ನಾಯು ಎದ್ದಾವು. ಅರ್ಧಕ್ಕ ಇಳಸ್ರಿ, ಬಿಡಬ್ಯಾಡ್ರಿ" ಎಂದಳು.

ನಮ್ಮಿಬ್ಬರ ಮನೆಗಳ ನಡುವಿನ ಗೋಡೆಯೇ ನನ್ನ ವ್ಯಾಯಾಮದ ಗೋಡೆ. ಮೊಣಕೈ ಜಾರುವ ಸದ್ದು ಆ ಕಡೆಗೆ ಕೇಳುತ್ತಿತ್ತು. ತಮ್ಮ ಅಂಗಡಿಯ ಗಿರಾಕಿಗಳಿಗೆ, "ನಮ್ಮಕ್ಕಗ ರಿಟೈರ್ ಆದ ಮ್ಯಾಲೂ ಸಾಲಿ ಬಿಟ್ಟಿಲ್ರಿ, ಗ್ವಾಡಿಗೆ ಪಾಠಾ ಹೇಳಾಕತ್ತಾಳ" ಎಂದು ಹೇಳಿದ್ದು ನನಗೆ ಮೂರು ಬೇರೆ ಬೇರೆ ಬಾಯಿಗಳಿಂದ ತಿಳಿಯಿತು. ಎದುರಿಗೆ ಸಿಕ್ಕರೆ, "ಗ್ವಾಡಿ ಪಾಸಾತೋ ನಪಾಸಾತೋ ಅಕ್ಕಾ?" ಎನ್ನುವನು. ಎರಡನೆಯ ತಿಂಗಳು ಗೆರೆ ನಾಲ್ಕು ಬೆರಳು ಏರಿತು. ನಾಲ್ಕನೆಯ ತಿಂಗಳಿನ ಒಂದು ಸೋಮವಾರ ಪೂಜೆಗೆ ಕುಳಿತವಳು ದಿಂಬನ್ನು ಮರೆತಿದ್ದೆ. ಮರೆತದ್ದು ತಿಳಿದದ್ದು ಪೂಜೆ ಮುಗಿದ ಮೇಲೆ. ಅಂಗೈ ಕಣ್ಣಿನ ಮಟ್ಟದಲ್ಲಿಯೇ ಇತ್ತು, ನಡುಗಿರಲಿಲ್ಲ. ಆ ಸಂತೋಷವನ್ನು ತಮ್ಮನ ಮನೆಗೆ ಓಡಿ ಹೋಗಿ ಹೇಳಿದೆ. ಅದೇ ನಾನು ಮಾಡಿದ ತಪ್ಪು.

ಏಕೆಂದರೆ ತಮ್ಮ ಬೆರಳು ಮಡಚಿ ಎಣಿಸಿದ. ಐದು ಅಮಾವಾಸ್ಯೆ ಇನ್ನೂ ದಾಟಿರಲಿಲ್ಲ.

ಮುಂದಿನ ಸಂತೆಗೆ ಅವನು ನನಗೆ ತಿಳಿಸದೆ ಕೆರೂರಿಗೆ ಹೋಗಿ, ಕಾಯಿ ಮತ್ತು ಖಣವನ್ನು ಅಜ್ಜಾರ ಮುಂದಿಟ್ಟು, "ನಮ್ಮಕ್ಕಗ ಗುಣ ಆತ್ರಿ" ಎಂದು ಹೇಳಿ ಬಂದ. ನನ್ನ ನೋವು ತನ್ನ ಮನೆಯವರ ಬೆನ್ನಿಗೆ ಹತ್ತಬಾರದೆಂಬ ಭಯ ಅವನದು. ಅಲ್ಲಿಗೆ ನಿಂತಿದ್ದರೆ ಭಯವೆಂದು ಕ್ಷಮಿಸುತ್ತಿದ್ದೆನೇನೋ. ಆದರೆ ಅಧ್ಯಕ್ಷನಾದವನಿಗೆ ಕಾಯಿಯೊಂದು ಸಾಲದು. ಸಮಿತಿಯನ್ನು ಕೂಡಿಸಿ ಸನ್ಮಾನವನ್ನು ಗೊತ್ತುಮಾಡಿದ.

ಭವನಕ್ಕೆ ನನ್ನನ್ನು ಕರೆದದ್ದು, "ಹಿರಿಯ ಶಿಕ್ಷಕಿ, ವೇದಿಕಿ ಮ್ಯಾಲ ಕುಂದರಬೇಕು" ಎಂದು. ಕುಳಿತೆ. ಪಕ್ಕದ ಕುರ್ಚಿಗೆ ಅಜ್ಜಾರು ಬಂದರು. ತಮ್ಮ ಮೈಕಿನಲ್ಲಿ, ಎಲ್ಲ ದವಾಖಾನೆಗಳೂ ಕೈಬಿಟ್ಟಿದ್ದ ತನ್ನ ಅಕ್ಕನ ಬೆನ್ನನ್ನು ಅಜ್ಜಾರ ಕೈಗುಣ ಉಳಿಸಿತು ಎಂದ. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ. "ಇದು ಖರೇ ಅಲ್ಲ" ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಸಮಿತಿಯ ಹಿರಿಯರೊಬ್ಬರು ನನ್ನ ಹೆಗಲು ಹಿಡಿದು ಮೆಲ್ಲಗೆ ಕೂಡಿಸಿದರು.

"ಕುಂದರ್ರಿ ಅಕ್ಕೋರ, ನಿಂತ್ರ ಬೆನ್ನಿಗೆ ತ್ರಾಸ ಅಕ್ಕೈತಿ."

ನಾಲ್ಕು ತಿಂಗಳು ನಿಂತೇ ಗಳಿಸಿದ ಬೆನ್ನು ಅದು. ಆದರೂ ಕುಳಿತೆ. ಆ ದಿನ ಕುಳಿತದ್ದಕ್ಕೆ ನನ್ನ ಮೇಲೆಯೇ ನನಗೆ ಇರುವ ಸಿಟ್ಟು ಬೇರೆ ಯಾರ ಮೇಲೆ ಇರುವುದಕ್ಕಿಂತಲೂ ಕಡಿಮೆಯದಲ್ಲ. ಹಣ್ಣಿನ ಬುಟ್ಟಿಯನ್ನು ನನ್ನ ಕೈಯಿಂದಲೇ ಕೊಡಿಸಿದರು. ಅಜ್ಜಾರ ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಬುಟ್ಟಿ ಹಿಡಿದು ತುಸು ಬಗ್ಗಿದ ನಾನು, ಫೋಟೋ ತೆಗೆದರು. ತಮ್ಮ ಅದಕ್ಕೆ ಕಟ್ಟು ಹಾಕಿಸಿ ಕೆರೂರಿಗೆ ಕಳಿಸಿದ. ಅದು ಅಜ್ಜಾರ ಕಟ್ಟೆಯ ಮೇಲೆ, ಬೋರಲು ಮಲಗಿದವರು ತಲೆ ಎತ್ತಿದರೆ ಕಾಣುವ ಹಾಗೆ ತೂಗುತ್ತಿದೆ.

ಕೊಂಡಿ ಕೆಲಸದವರ ಬೆನ್ನು ಎಷ್ಟು ದಿನ ಸುಮ್ಮನಿರುತ್ತದೆ? ಕೆಲವು ತಿಂಗಳಿಗೆ ತಮ್ಮನ ಹೆಂಡತಿಗೆ ನಾನು ಅನುಭವಿಸಿದ ನೋವೇ, ಅದೇ ಜಾಗದಲ್ಲಿ ಬಂತು. ನಾನು ರಬ್ಬರ್ ಪಟ್ಟಿ ಹಿಡಿದು ಅವರ ಮನೆಗೆ ಹೋದೆ. "ಯವ್ವಾ, ದಿನಾ ಹತ್ತ ಸಲ ಎಳಿ, ನಾ ಕೂಡ ನಿಂತ ಎಳೀತೇನಿ" ಎಂದೆ. ಆಕೆ ಗಂಡನ ಮುಖ ನೋಡಿದಳು.

"ನಿನ್ನ ಗುಣಾ ಮಾಡಿದ ಕೈ ಇರೂವಾಗ ಪಟ್ಟಿ ಯಾಕ ಬೇಕಕ್ಕಾ?" ಎಂದ ತಮ್ಮ.

ಇದನ್ನು ಅವನು ತಮಾಷೆಗೆ ಹೇಳಲಿಲ್ಲ. ತಾನು ಮೈಕಿನಲ್ಲಿ ಹೇಳಿದ್ದನ್ನು ಅಷ್ಟರೊಳಗೆ ಅವನೇ ನಂಬಿಬಿಟ್ಟಿದ್ದ.

ಸಂತೆಯ ದಿನ ಗಂಡಹೆಂಡತಿ ಕೆರೂರಿಗೆ ಹೋದರು. ಮಧ್ಯಾಹ್ನ ಆಕೆಯನ್ನು ಬಾಗಲಕೋಟೆಯ ಆಸ್ಪತ್ರೆಗೆ ತರಲಾಯಿತು. ಕ್ಷ-ಕಿರಣದ ಚಿತ್ರದಲ್ಲಿ ಎಡಗಡೆಯ ಒಂದು ಪಕ್ಕೆಲುಬಿನ ಮೇಲೆ ಕೂದಲೆಳೆಯಂತಹ ಗೆರೆ. ನಾನು ಹೋಗಿ ಪಕ್ಕದಲ್ಲಿ ಕುಳಿತಾಗ ಆಕೆ ಉಸಿರನ್ನು ಅರ್ಧರ್ಧ ಎಳೆಯುತ್ತಿದ್ದಳು.

"ಒತ್ತೂವಾಗ ನಾ ಒದರಿದೆರಿ ಅಕ್ಕಾರ. 'ನಿಮ್ಮ ನೆಗೆಣ್ಣಿ ಒದರಿರಲಿಲ್ಲ, ಅಕಿನ್ನ ನೋಡು' ಅಂತ ಫೋಟೋ ತೋರಿಸಿದ್ರು. ನಿಮ್ಮನ್ನ ನೋಡಿ ಹಲ್ಲ ಕಚ್ಚಿದೆ."

ನೆಗೆಣ್ಣಿಯರೆಂದರೆ ಅಣ್ಣತಮ್ಮಂದಿರ ಹೆಂಡಿರು; ನಾನು ಆಕೆಯ ನಾದಿನಿ, ಗಂಡನ ಅಕ್ಕ. ಅಜ್ಜಾರಿಗೆ ಅಷ್ಟೂ ತಿಳಿದಿರಲಿಲ್ಲ. ಆದರೆ ಆ ಕಟ್ಟೆಯ ಮೇಲೆ ನನ್ನ ಮುಖವನ್ನು ನೋಡುತ್ತ ಆಕೆ ಹಲ್ಲು ಕಚ್ಚಿದಳು ಎಂಬುದು ನಿಜ. ಈ ಬರಹವನ್ನು ನಾನು ಬರೆಯಲು ಕುಳಿತದ್ದು ಆ ಮಾತಿನಿಂದ.

ವಾರ ಕಳೆದು ಕೆರೂರಿಗೆ ಹೋದೆ. ಸಾಲಿನಲ್ಲಿ ನಿಲ್ಲದೆ ನೇರವಾಗಿ ಕಟ್ಟೆಯ ಬಳಿ ಹೋಗಿ ಫೋಟೋ ಇಳಿಸಿರೆಂದು ಕೇಳಿದೆ. ಅಜ್ಜಾರು ಎಣ್ಣೆಯ ಕೈಯಿಂದಲೇ ಕೈಮುಗಿದರು.

"ಅಕ್ಕೋರ, ನಾ ಕೇಳಿ ತಗೊಂಡಿಲ್ಲ. ಕಾಯಿ ತಂದಾವ್ರು ನಿಮ್ಮ ತಮ್ಮ, ಶಾಲ ಹೊಚ್ಚಿದಾವ್ರು ನಿಮ್ಮ ತಮ್ಮ. ಅವರು ಬಂದು 'ಸುಳ್ಳ ಹೇಳೀನಿ' ಅಂದ್ರ ಈಗ ಇಳಸ್ತೀನಿ."

ಅವರನ್ನು ನಾನು ಕ್ಷಮಿಸಿಲ್ಲ. ಆದರೆ ಆ ಉತ್ತರದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಾಲಿನಲ್ಲಿದ್ದ ಒಬ್ಬೊಬ್ಬರ ಬಳಿಗೂ ಹೋಗಿ ನಡೆದದ್ದನ್ನು ಹೇಳಿದೆ. ಇಬ್ಬರು ಎದ್ದು ಹೋದರು. ಉಳಿದವರು ಫೋಟೋದಲ್ಲಿದ್ದ ನನ್ನನ್ನೂ ಎದುರಿಗಿದ್ದ ನನ್ನನ್ನೂ ಹೋಲಿಸಿ ನೋಡಿ, ಫೋಟೋವನ್ನು ನಂಬಿದರು.

ಊರಿಗೆ ಮರಳಿ ತಮ್ಮನಿಗೆ ಹೇಳಿದೆ: ಅದೇ ಭವನದಲ್ಲಿ, ಅದೇ ಮೈಕಿನಲ್ಲಿ ಒಂದೇ ಮಾತು ಹೇಳು, ಅಕ್ಕನ ಬೆನ್ನು ವ್ಯಾಯಾಮದಿಂದ ಗುಣವಾಯಿತು ಎಂದು. ಅವನು ನೆಲ ನೋಡಿದ. "ಸಮಾಜದ ಮರ್ಯಾದಿ ಪ್ರಶ್ನೆ ಐತಕ್ಕಾ. ಹೊಚ್ಚಿದ ಶಾಲ ತಿರುಗಿ ಕಸಗೊಳ್ಳಾಕ ಬರ್ತೈತೇನು?" ಎಂದ. ಆ ವೇಳೆಗೆ ಅವನು ಓಣಿಯಲ್ಲೆಲ್ಲ ಇನ್ನೊಂದು ಕಥೆಯನ್ನು ಹರಡಿಯಾಗಿತ್ತು: ಹೆಂಡತಿ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದಳು. ನೋಡಲು ಬಂದವರ ಮುಂದೆ ಆಕೆಯ ಬಾಯಿಂದಲೂ ಅದನ್ನೇ ಹೇಳಿಸಿದ. ಸಮಿತಿಯವರು ಬಂದು, "ಬಚ್ಚಲಕ್ಕ ಒರಟ ಕಲ್ಲ ಹಾಕಸ್ರಿ" ಎಂದು ಬುದ್ಧಿ ಹೇಳಿ, ಚಹಾ ಕುಡಿದು ಹೋದರು. ಅವರಲ್ಲಿ ಇಬ್ಬರಿಗಾದರೂ ನಿಜ ಗೊತ್ತಿತ್ತು; ಆಕೆಯನ್ನು ಕೆರೂರಿನಿಂದ ಆಸ್ಪತ್ರೆಗೆ ತಂದ ಗಾಡಿ ಅವರದೇ, ಅವರೂ ಅದರಲ್ಲಿದ್ದರು.

ಅಂದಿನಿಂದ ತಮ್ಮನ ಮನೆಯ ನೀರನ್ನು ನಾನು ಮುಟ್ಟಿಲ್ಲ. ನಮಸ್ಕಾರಕ್ಕೆ ಪ್ರತಿನಮಸ್ಕಾರವಿಲ್ಲ. ಪಕ್ಕೆಲುಬು ಕೂಡಿದ ಮೇಲೆ ತಮ್ಮನ ಹೆಂಡತಿ ಹಿತ್ತಲ ಬಾಗಿಲಿನಿಂದ ನನ್ನ ಮನೆಗೆ ಬರುತ್ತಾಳೆ. ಗುಡೂರಿನ ಹುಡುಗಿ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತೇವೆ. ಆಕೆಯ ಎಡಗೈ ಇನ್ನೂ ಕಿವಿಯ ಮಟ್ಟವನ್ನು ದಾಟಿಲ್ಲ. ಕೊಂಡಿಗೆ ಕುಳಿತರೆ ನೂರು ಎಳೆಗೆ ಏಳಬೇಕಾಗುತ್ತದೆ. ಓಣಿಯ ಹೆಂಗಸರು ಕೇಳಿದರೆ ಈಗಲೂ ಗಂಡ ಕಲಿಸಿದ ಉತ್ತರವನ್ನೇ ಹೇಳಿ ನನ್ನ ಕಡೆಗೆ ನೋಡದೆ ತಲೆ ತಗ್ಗಿಸುತ್ತಾಳೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಸಿಟ್ಟು ಇರುವುದು ನಿನ್ನ ಮೇಲೆ, ತಮ್ಮಾ. ಮತ್ತು ಗಾಡಿಯಲ್ಲಿ ಕುಳಿತು ಆಕೆಯ ಅರ್ಧ ಉಸಿರನ್ನು ಬಾಗಲಕೋಟೆಯವರೆಗೆ ಕೇಳುತ್ತ ಹೋದ ಸಮಿತಿಯ ಹಿರಿಯರೇ, ನಿಮ್ಮ ಮೇಲೆ. ಮುಂದಿನ ಸಂತೆಗೆ ಇನ್ನೊಬ್ಬ ಹೆಣ್ಣುಮಗಳು ನನ್ನ ಫೋಟೋದ ಕೆಳಗೆ ಬೋರಲು ಮಲಗುತ್ತಾಳೆ. ಅದಕ್ಕೆ ಮೊದಲು, ಸಭೆಯಲ್ಲಿ, ನನ್ನ ಎದುರಿಗೆ, ಪಕ್ಕೆಲುಬು ಸೀಳಿದ ಆಕೆಯ ಎದುರಿಗೆ ನಿಂತು ಒಂದನ್ನು ಹೇಳಿರಿ: ಆಕೆ ಬಿದ್ದದ್ದು ಯಾವ ಬಚ್ಚಲಿನಲ್ಲಿ?